ಆಟಿಯ ತೇವಕ್ಕೆ ಯಾವ ಯಂತ್ರ, ಯಾವ ಕೋಣೆಗೆ? ಕಾಸರಗೋಡಿನ ಮನೆಗಳಿಗೊಂದು ಹೋಲಿಕೆ

ಆಟಿಯಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಮಳೆಯ ತಿಂಗಳಲ್ಲಿ, ಅಂಗಡಿಗೆ ಹೋಗಿ, ‘ಮನೆಯೊಳಗೆ ಮುಗ್ಗಿದ ವಾಸನೆ, ಮಗುವಿಗೆ ಬಿಡದ ಸೀನು, ಏನಾದರೂ ಯಂತ್ರ ಇದೆಯೇ’ ಎಂದು ಕೇಳಿದರೆ ಅಂಗಡಿಯವರು ಹೆಚ್ಚಾಗಿ ಏರ್ ಪ್ಯೂರಿಫೈಯರ್ ತೋರಿಸುತ್ತಾರೆ. ಚಂದದ ಪೆಟ್ಟಿಗೆ, ಮೇಲೊಂದು ಹಸಿರು ದೀಪ. ಅದು ದೆಹಲಿಯ ಹೊಗೆಗೆ ತಕ್ಕ ಯಂತ್ರ. ಮಂಜೇಶ್ವರದಿಂದ ಚಂದ್ರಗಿರಿ ಹೊಳೆಯವರೆಗಿನ ನಮ್ಮ ಮನೆಗಳ ಕಷ್ಟ ಹೊಗೆಯದ್ದಲ್ಲ, ನೀರಿನದ್ದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆಯಿದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಂದು ಹೋಗುತ್ತದೆ. ಆ ನಾಲ್ಕು ತಿಂಗಳು ಹೊರಗಿನ ಗಾಳಿ ತೊಳೆದಿಟ್ಟಷ್ಟು ಶುಭ್ರ. ಕೆಡುವುದು ಒಳಗಿನ ಗಾಳಿ. ಗೋಡೆಯ ಬೂಷ್ಟು, ಹಾಸಿಗೆಯ ಧೂಳುನುಸಿ, ಅಡುಗೆಮನೆಯ ಆವಿ, ಸೊಳ್ಳೆ ಬತ್ತಿಯ ಹೊಗೆ ಎಲ್ಲವೂ ಮುಚ್ಚಿದ ಕಿಟಕಿಗಳ ಹಿಂದೆ ಕೂಡಿಕೊಳ್ಳುತ್ತವೆ.

ಯಂತ್ರಗಳನ್ನು ಒಂದೊಂದಾಗಿ ಹೋಲಿಸುವ ಮೊದಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಇಡೀ ಮನೆಯನ್ನು ಒಣಗಿಸುವ ಆಸೆಯನ್ನು ಬಿಡಿ. ಒಂದು ಕೋಣೆಯನ್ನು ಆರಿಸಿ, ಮನೆಯಲ್ಲಿ ಉಬ್ಬಸದವರೋ ಹಸುಗೂಸೋ ಇದ್ದರೆ ಅವರು ಮಲಗುವ ಕೋಣೆಯನ್ನೇ. ಅದನ್ನು ಒಣಗಿಸಿ ಇಟ್ಟುಕೊಂಡು, ಉಳಿದ ಕೋಣೆಗಳಲ್ಲಿ ಗಾಳಿಯಾಡುವಂತೆ ನೋಡಿಕೊಂಡರೆ ಸಾಕು. ಈ ಮಾತಿನ ಹಿಂದೆ ಲೆಕ್ಕವಿದೆ.

ಉಪ್ಪಿನಿಂದ ಆರಂಭಿಸಿ

ಯಾವುದನ್ನೇ ಕೊಳ್ಳುವ ಮೊದಲು ಆರ್ದ್ರತೆ ಅಳೆಯುವ ಪುಟ್ಟ ಡಿಜಿಟಲ್ ಮಾಪಕವೊಂದನ್ನು ತನ್ನಿ. ಐನೂರು ರೂಪಾಯಿಯೊಳಗೆ ಸಿಗುತ್ತದೆ. ಅಗ್ಗದ ಮಾಪಕಗಳು ಐದಾರು ಅಂಶ ಹೆಚ್ಚುಕಡಿಮೆ ತೋರಿಸುವುದುಂಟು, ಆದ್ದರಿಂದ ಮನೆಯಲ್ಲೇ ಪರೀಕ್ಷಿಸಿ. ಬಾಟಲಿಯ ಮುಚ್ಚಳವೊಂದರಲ್ಲಿ ಪುಡಿ ಉಪ್ಪು ಹಾಕಿ, ಕರಗಿ ನೀರಾಗದಂತೆ ಕೆಲವೇ ಹನಿ ನೀರು ಬೆರೆಸಿ, ಕೆಸರಿನ ಹದಕ್ಕೆ ತನ್ನಿ. ಅದನ್ನೂ ಮಾಪಕವನ್ನೂ ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಟ್ಟು ರಾತ್ರಿಯಿಡೀ ಬಿಡಿ. ಒದ್ದೆ ಉಪ್ಪಿನ ಮೇಲಿರುವ ಗಾಳಿಯ ಆರ್ದ್ರತೆ ಶೇ. 75ರಲ್ಲಿ ನಿಲ್ಲುತ್ತದೆ. ಮಾಪಕ 80 ತೋರಿಸಿದರೆ, ಮುಂದೆ ಅದು ಹೇಳುವುದರಲ್ಲಿ ಐದು ಕಳೆಯಿರಿ.

ಮಾಪಕವಿಲ್ಲದವರಿಗೂ ಇದೇ ಉಪ್ಪು ಸುಳಿವು ಕೊಡುತ್ತದೆ. ತೆರೆದಿಟ್ಟ ಪುಡಿ ಉಪ್ಪು ತಾನಾಗಿ ನೀರೊಡೆಯುತ್ತಿದ್ದರೆ ಆ ಕೋಣೆಯ ಆರ್ದ್ರತೆ ಶೇ. 75 ದಾಟಿದೆ ಎಂದರ್ಥ. ಕಲ್ಲುಪ್ಪನ್ನು ಮಾತ್ರ ನಂಬಬೇಡಿ, ಅದರಲ್ಲಿ ಮೆಗ್ನೀಸಿಯಂ ಲವಣ ಬೆರೆತಿರುವುದರಿಂದ ಅದು ಬಹಳ ಬೇಗ ಒದ್ದೆಯಾಗುತ್ತದೆ.

ಎಷ್ಟಿದ್ದರೆ ಒಳ್ಳೆಯದು? ಶೇ. 60ರ ಕೆಳಗೆ ಬೂಷ್ಟು ಸುಲಭವಾಗಿ ಬೆಳೆಯುವುದಿಲ್ಲ. ಶೇ. 50ರ ಕೆಳಗೆ ಹಾಸಿಗೆಯ ಧೂಳುನುಸಿಗಳು ಬದುಕುವುದೇ ಕಷ್ಟ. ಅವುಗಳಿಗೆ ಬಾಯಾರಿಕೆ ನೀಗಿಸಿಕೊಳ್ಳಲು ಗಾಳಿಯ ತೇವವೇ ಆಧಾರ. ನಮ್ಮಲ್ಲಿ ಮಳೆಗಾಲದಲ್ಲಿ 50 ಎನ್ನುವುದು ದುಬಾರಿ ಗುರಿ. 55ರಿಂದ 60ರ ನಡುವೆ ನಿಲ್ಲಿಸಲು ಸಾಧ್ಯವಾದರೆ ತೃಪ್ತಿಪಡಿ.

ಇನ್ನು ಲೆಕ್ಕಕ್ಕೆ ಬರೋಣ. ಜುಲೈಯ ಒಂದು ಸಾಧಾರಣ ದಿನ ಹೊರಗೆ 27 ಡಿಗ್ರಿ ಉಷ್ಣತೆ, ಶೇ. 90 ಆರ್ದ್ರತೆ ಎಂದುಕೊಳ್ಳಿ. ಆ ಗಾಳಿಯ ಪ್ರತಿ ಘನ ಮೀಟರಿನಲ್ಲಿ ಸುಮಾರು 23 ಗ್ರಾಂ ನೀರಾವಿ ಇರುತ್ತದೆ. ಅದೇ ಉಷ್ಣತೆಯಲ್ಲಿ ಶೇ. 55ಕ್ಕೆ ಇಳಿಸಬೇಕಾದರೆ 14 ಗ್ರಾಂ ಮಾತ್ರ ಇರಬೇಕು. ಅಂದರೆ ಒಳಬರುವ ಪ್ರತಿ ಘನ ಮೀಟರಿನಿಂದ 9 ಗ್ರಾಂ ನೀರನ್ನು ತೆಗೆಯಬೇಕು. ಹತ್ತಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತಡಿ ಎತ್ತರದ ಕೋಣೆಯಲ್ಲಿ 34 ಘನ ಮೀಟರ್ ಗಾಳಿ ಹಿಡಿಯುತ್ತದೆ. ಬಾಗಿಲು ಕಿಟಕಿ ಮುಚ್ಚಿದ್ದರೂ ಸಂದುಗಳಿಂದ ಗಂಟೆಗೊಮ್ಮೆ ಅಷ್ಟೂ ಗಾಳಿ ಬದಲಾಗುತ್ತದೆ ಎಂದರೆ ದಿನಕ್ಕೆ ಸುಮಾರು ಏಳು ಲೀಟರು ನೀರು ತೆಗೆಯಬೇಕಾಗುತ್ತದೆ. ಇದು ಒಂದು ಸಣ್ಣ ಯಂತ್ರದಿಂದ ಆಗುವ ಕೆಲಸ. ಸಾವಿರದ ಇನ್ನೂರು ಚದರ ಅಡಿಯ ಹಂಚಿನ ಮನೆಯನ್ನು ತೆಗೆದುಕೊಳ್ಳಿ. ಹಂಚಿನ ಸಂದು, ಗೋಡೆಯ ಮೇಲಿನ ಬೆಳಕಿಂಡಿಗಳಿಂದ ಗಂಟೆಗೆ ಐದು ಬಾರಿ ಗಾಳಿ ಬದಲಾಗುವ ಮನೆಯದು. ಅಲ್ಲಿ ದಿನಕ್ಕೆ 350 ಲೀಟರಿಗೂ ಹೆಚ್ಚು ನೀರು ತೆಗೆಯಬೇಕು. ಅಂಥ ಮನೆಯ ಚಾವಡಿಯಲ್ಲಿ ಯಂತ್ರ ಇಟ್ಟು ಓಡಿಸುವವರು ಅರಬ್ಬಿ ಸಮುದ್ರವನ್ನು ಚೆಂಬಿನಲ್ಲಿ ಮೊಗೆಯುತ್ತಿದ್ದಾರೆ.

ಹಂಚಿನ ಮನೆಯವರು ಇದರಿಂದ ನಿರಾಶರಾಗಬೇಕಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಬಳಿಕ ಈ ಕರಾವಳಿಯ ಉದ್ದಕ್ಕೂ ಹರಡಿದ ಆ ಮಾಡುಗಳು ಗಾಳಿಯನ್ನು ತಡೆಯದ ಕಾರಣಕ್ಕೇ ಮುಗ್ಗುವುದು ಕಡಿಮೆ. ತೇವ ಬರುತ್ತದೆ, ಹೋಗುತ್ತದೆ, ಒಂದೇ ಕಡೆ ನಿಲ್ಲುವುದಿಲ್ಲ. ಹೆಚ್ಚಿನ ತೊಂದರೆ ಕಳೆದ ಮೂರು ನಾಲ್ಕು ದಶಕಗಳಲ್ಲಿ ಕಟ್ಟಿದ ತಾರಸಿ ಮನೆಗಳದ್ದು. ಜಾರುವ ಗಾಜಿನ ಕಿಟಕಿ, ಪ್ಲಾಸ್ಟಿಕ್ ಎಮಲ್ಶನ್ ಬಳಿದ ಗೋಡೆ, ಕೋಣೆಗೊಂದು ಬಚ್ಚಲು ಎಲ್ಲವೂ ಅಲ್ಲಿವೆ. ಒಳಗೆ ಹುಟ್ಟಿದ ಆವಿಗೆ ಹೊರದಾರಿ ಮಾತ್ರ ಇಲ್ಲ.

ಕಿಟಕಿ ತೆರೆಯಬೇಕೇ, ಮುಚ್ಚಬೇಕೇ?

ದುಡ್ಡಿಲ್ಲದ ಆಯ್ಕೆ ಇದು, ಆದರೆ ಕಾಲ ನೋಡಿ ಬಳಸಬೇಕು. ಡಿಸೆಂಬರಿನಿಂದ ಫೆಬ್ರವರಿವರೆಗೆ ರಾತ್ರಿಯಿಂದ ಬೆಳಗಿನವರೆಗೆ ಘಟ್ಟದ ಕಡೆಯಿಂದ ಒಣಗಾಳಿ ಬೀಸುತ್ತದೆ. ಮಧ್ಯಾಹ್ನದ ಬಳಿಕ ಕಡಲಗಾಳಿ ತೇವ ಹೊತ್ತು ತರುತ್ತದೆ. ಆ ತಿಂಗಳುಗಳಲ್ಲಿ ಮೂಡುಬದಿಯ ಕಿಟಕಿಗಳನ್ನು ಬೆಳಗ್ಗೆ ಪೂರ್ತಿ ತೆರೆಯಿರಿ, ಕಪಾಟುಗಳ ಬಾಗಿಲನ್ನೂ. ಮಳೆಗಾಲದಲ್ಲಿ ಕಿಟಕಿ ತೆರೆದರೆ ಒಳಗೆ ಒಣಗುವುದಿಲ್ಲ, ಹೊರಗೂ ಶೇ. 90 ಇರುವಾಗ ಒಣಗಲು ಕಾರಣವಿಲ್ಲ. ಆದರೂ ದಿನಕ್ಕೆ ಎರಡು ಬಾರಿ, ಮಳೆ ಬಿಟ್ಟ ಹೊತ್ತಿನಲ್ಲಿ, ಎದುರುಬದುರಿನ ಕಿಟಕಿಗಳನ್ನು ಕಾಲು ಗಂಟೆ ತೆರೆದಿಡುವುದು ಒಳ್ಳೆಯದು. ಉಸಿರಿನ ಇಂಗಾಲದ ಡೈಆಕ್ಸೈಡ್, ಒಗ್ಗರಣೆಯ ಹೊಗೆ, ಫಿನಾಯಿಲಿನ ಘಾಟು ಹೊರಗೆ ಹೋಗಲು ಬೇರೆ ದಾರಿಯಿಲ್ಲ.

ಒಂದು ಎಚ್ಚರಿಕೆ. ರಾತ್ರಿಯಿಡೀ ಎ.ಸಿ. ಹಾಕಿ 23 ಡಿಗ್ರಿಗೆ ತಂದ ಕೋಣೆಯ ಕಿಟಕಿಯನ್ನು ಬೆಳಗ್ಗೆ ಎದ್ದ ತಕ್ಷಣ ತೆರೆಯಬೇಡಿ. ಮಳೆಗಾಲದ ಹೊರಗಾಳಿ 25 ಡಿಗ್ರಿಯ ಆಸುಪಾಸಿನಲ್ಲೇ ನೀರಾಗಿ ಇಳಿಯಲು ತಯಾರಾಗಿರುತ್ತದೆ. ತಣ್ಣಗಿನ ಗೋಡೆ, ಕನ್ನಡಿ, ನೆಲದ ಟೈಲ್ಸ್ ಸಿಕ್ಕಿದೊಡನೆ ಅಲ್ಲೇ ಬೆವರುತ್ತದೆ. ‘ಎ.ಸಿ. ಹಾಕಿಸಿದ ಮೇಲೆಯೇ ಬೂಷ್ಟು ಬಂತು’ ಎನ್ನುವವರ ಮನೆಯಲ್ಲಿ ಹಲವು ಬಾರಿ ನಡೆಯುವುದು ಇದೇ. ಎ.ಸಿ. ನಿಲ್ಲಿಸಿ, ಗೋಡೆ ಬೆಚ್ಚಗಾಗಲು ಒಂದೆರಡು ಗಂಟೆ ಬಿಟ್ಟು ತೆರೆಯಿರಿ.

ಎಕ್ಸಾಸ್ಟ್ ಫ್ಯಾನೋ ಚಿಮಣಿಯೋ?

ಮನೆಯೊಳಗೆ ಹುಟ್ಟುವ ನೀರಿನ ಮೂಲಗಳಲ್ಲಿ ಅಡುಗೆಮನೆ ಮೊದಲನೆಯದು. ಕುಚ್ಚಲಕ್ಕಿ ತೆರೆದ ಪಾತ್ರೆಯಲ್ಲಿ ಗಂಟೆಗಟ್ಟಲೆ ಬೇಯುವ ಊರು ನಮ್ಮದು, ಒಂದು ಹೊತ್ತಿನ ಅನ್ನಕ್ಕೆ ಲೀಟರಿನಷ್ಟು ನೀರು ಆವಿಯಾಗುವುದು ದೊಡ್ಡದಲ್ಲ. ಇದರ ಜೊತೆಗೆ ಕಣ್ಣಿಗೆ ಕಾಣದ ಇನ್ನೊಂದು ಮೂಲವಿದೆ. ಗ್ಯಾಸ್ ಉರಿದಾಗ ನೀರು ಹುಟ್ಟುತ್ತದೆ. ಒಂದು ಕಿಲೋ ಎಲ್‌ಪಿಜಿ ಉರಿದರೆ ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ಹೊರಬರುತ್ತದೆ. 14.2 ಕಿಲೋದ ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 22 ಲೀಟರಿನಷ್ಟು ನೀರನ್ನು ಅದು ಮನೆಯೊಳಗೆ ಬಿಟ್ಟಿರುತ್ತದೆ. ಇಂಡಕ್ಷನ್ ಒಲೆಯಲ್ಲಿ ಈ ಪಾಲು ಇಲ್ಲ, ಪಾತ್ರೆಯ ಆವಿ ಮಾತ್ರ.

ಚಿಮಣಿ ಕೊಳ್ಳುವವರು ಒಂದೇ ಪ್ರಶ್ನೆ ಕೇಳಿದರೆ ಸಾಕು, ಹೊರಗೆ ಕೊಳವೆ ಹೋಗುತ್ತದೆಯೇ? ಕೊಳವೆಯಿಲ್ಲದ ಚಿಮಣಿ ಎಣ್ಣೆಯ ಜಿಡ್ಡನ್ನೂ ಒಂದಿಷ್ಟು ವಾಸನೆಯನ್ನೂ ಹಿಡಿದುಕೊಂಡು ಆವಿಯನ್ನು ಹಾಗೆಯೇ ನಿಮ್ಮ ಮುಖಕ್ಕೆ ಮರಳಿಸುತ್ತದೆ. ಈ ಕರಾವಳಿಯಲ್ಲಿ ಅದಕ್ಕೆ ದುಡ್ಡು ಹಾಕಬೇಡಿ. ಕೊಳವೆ ಹೊರಗೆ ಹೋಗುವ ಚಿಮಣಿಗೂ ಎರಡು ಸಾವಿರ ರೂಪಾಯಿಯೊಳಗಿನ ಎಕ್ಸಾಸ್ಟ್ ಫ್ಯಾನಿಗೂ ನಡುವೆ ಆರಿಸುವುದಾದರೆ, ದಿನಾ ಕರಿಯುವ ಹುರಿಯುವ ಮನೆಗೆ ಚಿಮಣಿ, ಬೇಯಿಸುವುದೇ ಹೆಚ್ಚಾದ ಮನೆಗೆ ಎಕ್ಸಾಸ್ಟ್ ಸಾಕು. ಫ್ಯಾನನ್ನು ಒಲೆಗೆ ಆದಷ್ಟು ಹತ್ತಿರ, ಮೇಲೆ ಕೂರಿಸಿ. ಪಡುವಣ ಮತ್ತು ನೈಋತ್ಯದ ಗೋಡೆ ಬೇಡ, ಮಳೆಗಾಳಿ ಅಲ್ಲಿಂದಲೇ ಹೊಡೆಯುವುದರಿಂದ ಫ್ಯಾನು ಹೊರದೂಡುವ ಗಾಳಿಯನ್ನು ಅದು ಒಳಕ್ಕೆ ತಳ್ಳುತ್ತದೆ. ಬೇರೆ ಗೋಡೆಯೇ ಇಲ್ಲದಿದ್ದರೆ ಹೊರಗಿನಿಂದ ಇಳಿಜಾರು ಮುಚ್ಚಿಗೆ ಹಾಕಿಸಿ.

ಬಚ್ಚಲಿನ ಎಕ್ಸಾಸ್ಟ್ ವಿಚಾರದಲ್ಲಿ ಜನರ ಜಿಪುಣತನ ನನಗೆ ಅರ್ಥವಾಗುವುದಿಲ್ಲ. ಲಕ್ಷಗಟ್ಟಲೆ ಖರ್ಚು ಮಾಡಿ ಟೈಲ್ಸ್ ಹಾಕಿಸಿ, ಸಾವಿರದೈನೂರರ ಫ್ಯಾನಿಗೆ ಹಿಂಜರಿಯುತ್ತಾರೆ. ಮಳೆಗಾಲದಲ್ಲಿ ಹೊರಗಿನ ಗಾಳಿಯೂ ಒದ್ದೆ ಎಂದು ವಾದಿಸುವವರಿದ್ದಾರೆ. ಬಿಸಿನೀರಿನ ಸ್ನಾನವಾದ ಬಚ್ಚಲಿನ ಗಾಳಿ ಅದಕ್ಕಿಂತಲೂ ಒದ್ದೆ. ಸ್ನಾನವಾದ ಬಳಿಕ ಇಪ್ಪತ್ತು ನಿಮಿಷ ಫ್ಯಾನು ಓಡಲಿ, ಬಾಗಿಲ ಕೆಳಗೆ ಬೆರಳು ದಪ್ಪದ ಸಂದಿರಲಿ. ಗಾಳಿ ಒಳಬರದಿದ್ದರೆ ಹೊರಹೋಗುವುದೂ ಇಲ್ಲ. ನೆಲದ ನೀರನ್ನು ವೈಪರಿನಿಂದ ಎಳೆದುಬಿಟ್ಟರೆ ಫ್ಯಾನಿನ ಅರ್ಧ ಕೆಲಸ ಮುಗಿಯಿತು.

ಗ್ಯಾಸ್ ಗೀಸರ್ ಇರುವ ಬಚ್ಚಲಿನ ಮಾತು ಬೇರೆ. ಮುಚ್ಚಿದ ಬಚ್ಚಲಿನೊಳಗೆ ಅದು ಕಾರ್ಬನ್ ಮೊನಾಕ್ಸೈಡ್ ಉಗುಳಬಲ್ಲದು, ವಾಸನೆಯಿಲ್ಲದ ಆ ಅನಿಲ ಜೀವ ತೆಗೆಯುತ್ತದೆ. ಎಕ್ಸಾಸ್ಟ್ ಹಾಕಿಸಿದರೆ ಸಾಲದು, ಗೀಸರನ್ನೇ ಹೊರಗೋಡೆಗೆ ಸಾಗಿಸಬೇಕು. ಹಿತ್ತಿಲ ಬಚ್ಚಲುಮನೆಯಲ್ಲಿ ಹಂಡೆಯ ಒಲೆ ಉರಿಸುವವರು ಅದರ ಹೊಗೆ ಮಲಗುವ ಕೋಣೆಯ ಕಿಟಕಿಗೆ ನುಗ್ಗದಂತೆ ಹೊಗೆಕೊಳವೆಯನ್ನು ಮಾಡಿಗಿಂತ ಎತ್ತರಕ್ಕೆ ಏರಿಸಬೇಕು. ಅಟ್ಟದ ಅಡಿಕೆಯನ್ನೂ ಮರದ ತೊಲೆಯನ್ನೂ ಹೊಗೆ ಕಾಪಾಡುತ್ತಿತ್ತು ಎನ್ನುವುದು ನಿಜ. ಆ ಹೊಗೆ ನುಂಗಿದ ಅಜ್ಜಿಯಂದಿರ ಕೆಮ್ಮೂ ನಿಜ.

ಎ.ಸಿ.ಯೋ ಡಿಹ್ಯುಮಿಡಿಫೈಯರೋ?

ಹೆಚ್ಚು ಗೊಂದಲವಿರುವುದು ಇಲ್ಲಿ. ಡಿಹ್ಯುಮಿಡಿಫೈಯರ್ ಎಂದರೆ ಗಾಳಿಯ ತೇವವನ್ನು ಮಾತ್ರ ತೆಗೆಯುವ ಯಂತ್ರ. ಎರಡೂ ಯಂತ್ರಗಳು ತಣ್ಣಗಿನ ಸುರುಳಿಯ ಮೇಲೆ ಗಾಳಿ ಹಾಯಿಸಿ ನೀರು ಇಳಿಸುತ್ತವೆ. ಎ.ಸಿ. ಬಿಸಿಯನ್ನು ಹೊರಗೆ ಒಯ್ದು ಬಿಸಾಡುತ್ತದೆ. ಡಿಹ್ಯುಮಿಡಿಫೈಯರ್ ಆ ಬಿಸಿಯನ್ನು ಅದೇ ಕೋಣೆಗೆ ಮರಳಿ ಬಿಡುತ್ತದೆ. ಈ ಒಂದು ವ್ಯತ್ಯಾಸವೇ ಯಾವ ತಿಂಗಳಿಗೆ ಯಾವುದು ಎಂದು ತೀರ್ಮಾನಿಸುತ್ತದೆ.

ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಗೋಡೆಯೂ ತಾರಸಿಯೂ ಕಾದಿರುತ್ತವೆ. ಎ.ಸಿ.ಗೆ ಕೆಲಸ ಹೆಚ್ಚು. ಕಂಪ್ರೆಸರ್ ನಿಲ್ಲದೆ ಓಡುತ್ತದೆ, ಒಂದು ಟನ್ನಿನ ಯಂತ್ರ ಗಂಟೆಗೆ ಒಂದು ಲೀಟರಿನ ಆಸುಪಾಸು ನೀರು ಇಳಿಸುತ್ತದೆ. ಆಗ ಡಿಹ್ಯುಮಿಡಿಫೈಯರ್ ಹಾಕಿದರೆ ಕೋಣೆ ಇನ್ನೂ ಎರಡು ಮೂರು ಡಿಗ್ರಿ ಬಿಸಿಯಾಗಿ ನಿದ್ದೆ ಕೆಡುತ್ತದೆ.

ಆಟಿಯ ಜಡಿಮಳೆಯಲ್ಲಿ ಲೆಕ್ಕ ತಿರುಗುತ್ತದೆ. ಹೊರಗೆ 24, 25 ಡಿಗ್ರಿ. ಕೋಣೆ ತಾನಾಗಿಯೇ ತಂಪು. ಎ.ಸಿ. ಹತ್ತು ನಿಮಿಷ ಓಡಿ, ಹೇಳಿದ ಡಿಗ್ರಿ ಮುಟ್ಟಿತೆಂದು ಸುಮ್ಮನಾಗುತ್ತದೆ. ಅದು ಓಡಿದರೆ ಮಾತ್ರ ನೀರು ಇಳಿಯುತ್ತದೆ, ಸೆಖೆಯಿದ್ದರೆ ಮಾತ್ರ ಅದು ಓಡುತ್ತದೆ. ಮೇಲಾಗಿ, ಕಂಪ್ರೆಸರ್ ನಿಂತ ಮೇಲೂ ಒಳಗಿನ ಫ್ಯಾನು ತಿರುಗುತ್ತಿದ್ದರೆ ಸುರುಳಿಯ ಮೇಲಿದ್ದ ನೀರು ಮತ್ತೆ ಗಾಳಿಗೆ ಸೇರುತ್ತದೆ. ಕೋಣೆ ಚಳಿಯಾಗುತ್ತದೆ, ಮಾಪಕ 70ರಿಂದ ಇಳಿಯುವುದಿಲ್ಲ. ರಿಮೋಟಿನ ‘ಡ್ರೈ’ ಗುಂಡಿ ಒಂದಿಷ್ಟು ಸಹಾಯ ಮಾಡುತ್ತದೆ, ಫ್ಯಾನಿನ ವೇಗ ಇಳಿಸಿ ಸುರುಳಿಯನ್ನು ಹೆಚ್ಚು ತಣ್ಣಗಿಡುವುದು ಅದರ ಉಪಾಯ. ಆದರೆ ಅದೂ ಕೋಣೆಯನ್ನು ತಂಪು ಮಾಡದೆ ಒಣಗಿಸಲಾರದು. ಈ ತಿಂಗಳುಗಳಲ್ಲಿ ಗೆಲ್ಲುವುದು ಡಿಹ್ಯುಮಿಡಿಫೈಯರ್. ಅದು ಬಿಡುವ ಬಿಸಿಯೂ ಆಗ ವರವೇ, ಉಷ್ಣತೆ ಎರಡು ಡಿಗ್ರಿ ಏರಿದರೆ ಆರ್ದ್ರತೆಯ ಅಂಶವೂ ತಾನಾಗಿ ಇಳಿಯುತ್ತದೆ.

ಇದೇ ಕಾರಣಕ್ಕೆ ಎ.ಸಿ. ಕೊಳ್ಳುವಾಗ ‘ಇರಲಿ’ ಎಂದು ದೊಡ್ಡ ಟನ್ನಿನದನ್ನು ಹಾಕಿಸಬೇಡಿ. ಸಣ್ಣ ಕೋಣೆಗೆ ಒಂದೂವರೆ ಟನ್ ಹಾಕಿದರೆ ಅದು ಬೇಗ ತಂಪು ಮಾಡಿ ಬೇಗ ನಿಲ್ಲುತ್ತದೆ, ತೇವ ಅಲ್ಲೇ ಉಳಿಯುತ್ತದೆ.

ಡಿಹ್ಯುಮಿಡಿಫೈಯರ್‌ಗಳಲ್ಲಿ ಎರಡು ಜಾತಿಗಳು ಮಾರುಕಟ್ಟೆಯಲ್ಲಿ ಹೆಚ್ಚು ಕಾಣುತ್ತವೆ. ಮೂರು ನಾಲ್ಕು ಸಾವಿರಕ್ಕೆ ಸಿಗುವ, ಸದ್ದಿಲ್ಲದ, ಹೂಜಿ ಗಾತ್ರದ, ಕಂಪ್ರೆಸರ್ ಇಲ್ಲದ ಪೆಲ್ಟಿಯರ್ ಯಂತ್ರಗಳು ದಿನಕ್ಕೆ ಅರ್ಧ ಲೀಟರು ಇಳಿಸಿದರೆ ಹೆಚ್ಚು. ಮೇಲಿನ ಲೆಕ್ಕದ ಏಳು ಲೀಟರಿನ ಮುಂದೆ ಅದು ಏನೂ ಅಲ್ಲ. ಕಪಾಟಿಗೆ, ಪುಸ್ತಕದ ಅಲಮಾರಿಗೆ ಆಗಬಹುದು, ಕೋಣೆಗೆ ಅಲ್ಲ. ಕಂಪ್ರೆಸರ್ ಇರುವ ಯಂತ್ರವನ್ನೇ ಕೇಳಿ. ಹನ್ನೆರಡು ಸಾವಿರದಿಂದ ಇಪ್ಪತ್ತೈದು ಸಾವಿರದವರೆಗೆ ಬೆಲೆಯಿದೆ. ಡಬ್ಬದ ಮೇಲೆ ‘ದಿನಕ್ಕೆ 20 ಲೀಟರ್’ ಎಂದಿರುತ್ತದೆ, ಆ ಸಂಖ್ಯೆ ಸಾಮಾನ್ಯವಾಗಿ 30 ಡಿಗ್ರಿ, ಶೇ. 80 ಆರ್ದ್ರತೆಯಲ್ಲಿ ಅಳೆದದ್ದು. ಕೋಣೆ ಒಣಗುತ್ತ ಬಂದಂತೆ ಅದರ ಅರ್ಧದಷ್ಟು ಸಿಕ್ಕರೆ ಸರಿ ಎಂದು ಎಣಿಸಿಕೊಂಡು, ಏಳು ಲೀಟರ್ ಬೇಕಾದ ಕೋಣೆಗೆ 16ರಿಂದ 20 ಲೀಟರಿನದನ್ನು ಆರಿಸಿ. ನೀರಿನ ತೊಟ್ಟಿ ತುಂಬಿದರೆ ಯಂತ್ರ ನಿಂತುಬಿಡುತ್ತದೆ. ನಡುರಾತ್ರಿ ಎದ್ದು ನೀರು ಚೆಲ್ಲುವ ಉಪದ್ರ ಬೇಡವಾದರೆ ಪೈಪು ಜೋಡಿಸಿ ಬಚ್ಚಲಿಗೆ ಬಿಡಿ. ಆ ನೀರನ್ನು ಕುಡಿಯಬೇಡಿ, ಗಿಡಗಳಿಗೆ ಹಾಕಬಹುದು.

ವಿದ್ಯುತ್ ಬಿಲ್ಲಿನ ಲೆಕ್ಕ ಕಾಸರಗೋಡಿನವರು ಪ್ರತ್ಯೇಕವಾಗಿ ಮಾಡಬೇಕು. ಕೇರಳದ ವಿದ್ಯುತ್ ಮಂಡಳಿಯ ದರದಲ್ಲಿ ತಿಂಗಳಿಗೆ 250 ಯೂನಿಟ್‌ವರೆಗೆ ಮೆಟ್ಟಿಲು ಲೆಕ್ಕ, ಮೊದಲ ಯೂನಿಟ್‌ಗಳಿಗೆ ಕಡಿಮೆ, ಮೇಲಿನವಕ್ಕೆ ಹೆಚ್ಚು. 250 ದಾಟಿತೆಂದರೆ ಮೊದಲ ಯೂನಿಟ್‌ನಿಂದಲೇ ಎಲ್ಲಕ್ಕೂ ಒಂದೇ ಹೆಚ್ಚಿನ ದರ. ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವುದರಿಂದ ನೀವು ನೋಡಬೇಕಾದ ಗಡಿ 500. ಕಂಪ್ರೆಸರ್ ಡಿಹ್ಯುಮಿಡಿಫೈಯರ್ 250 ವಾಟಿನದು ಎಂದುಕೊಂಡರೆ ರಾತ್ರಿ ಹತ್ತು ಗಂಟೆ ಓಡಿ ತಿಂಗಳಿಗೆ 75 ಯೂನಿಟ್ ತಿನ್ನುತ್ತದೆ. ಈಗ ನಿಮ್ಮ ಎರಡು ತಿಂಗಳ ಬಿಲ್ಲು 320 ಯೂನಿಟ್ ಇದ್ದರೆ ತೊಂದರೆಯಿಲ್ಲ. 400 ಇದ್ದರೆ ಗಡಿ ದಾಟುತ್ತೀರಿ, ಯಂತ್ರ ತಿಂದದ್ದರ ಜೊತೆಗೆ ದರದ ಜಿಗಿತಕ್ಕೂ ದುಡ್ಡು ಹೋಗುತ್ತದೆ. ಹಳೆಯ 75 ವಾಟಿನ ಸೀಲಿಂಗ್ ಫ್ಯಾನುಗಳನ್ನು 30 ವಾಟಿನ ಆಸುಪಾಸಿನ ಬಿಎಲ್‌ಡಿಸಿ ಫ್ಯಾನುಗಳಿಗೆ ಬದಲಾಯಿಸಿದರೆ ಆ ಯೂನಿಟ್‌ಗಳ ಒಳ್ಳೆಯ ಪಾಲು ಮರಳಿ ಬರುತ್ತದೆ.

ಇನ್ನೆರಡು ಸಣ್ಣ ಸಂಗತಿಗಳು. ಉಪ್ಪಳ, ಕುಂಬಳೆ, ಬೇಕಲದಂತೆ ಕಡಲಿಗೆ ಅಂಟಿಕೊಂಡ ಮನೆಗಳಲ್ಲಿ ಎ.ಸಿ.ಯ ಹೊರಯಂತ್ರವನ್ನು ಉಪ್ಪುಗಾಳಿ ತಿನ್ನುತ್ತದೆ. ಡಿಹ್ಯುಮಿಡಿಫೈಯರಿಗೆ ಹೊರಯಂತ್ರವೇ ಇಲ್ಲ. ಬಾಡಿಗೆ ಕ್ವಾರ್ಟರ್ಸಿನಲ್ಲಿ ಇರುವವರಿಗೂ ಇದೇ ಅನುಕೂಲ, ಗೋಡೆ ಕೊರೆಯಲು ಮಾಲೀಕರ ಅಪ್ಪಣೆ ಬೇಡ, ಮನೆ ಬಿಡುವಾಗ ಎತ್ತಿಕೊಂಡು ಹೋಗಬಹುದು.

ಪೊಟ್ಟಣಗಳು, ಇದ್ದಿಲು, ಕರ್ಪೂರ

ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ತೂಗುಚೀಲಗಳು ಬಟ್ಟೆಯ ಕಪಾಟಿನೊಳಗೆ ನಿಜವಾಗಿ ಕೆಲಸ ಮಾಡುತ್ತವೆ, ಒಂದೊಂದು ಕೆಲವು ನೂರು ಮಿಲಿಲೀಟರ್ ನೀರು ಹೀರುತ್ತದೆ. ಕಪಾಟಿನ ಬಾಗಿಲು ಬಿಗಿಯಾಗಿ ಮುಚ್ಚಿರಬೇಕು, ಕೆಳಗೆ ಕೂಡಿದ ನೀರು ರೇಷ್ಮೆ ಸೀರೆಯ ಮೇಲೆ ಸೋರದಂತೆ ನೋಡಿಕೊಳ್ಳಬೇಕು. ಪ್ರಮಾಣಪತ್ರ, ಭೂದಾಖಲೆ, ಕ್ಯಾಮೆರಾ ಇಡುವ ಡಬ್ಬಿಗೆ ಸಿಲಿಕಾ ಜೆಲ್ ಉತ್ತಮ, ಬಿಸಿ ಮಾಡಿ ಮತ್ತೆ ಬಳಸಬಹುದು. ಬಿದಿರಿನ ಇದ್ದಿಲಿನ ಚೀಲಗಳು ವಾಸನೆಯನ್ನು ಸ್ವಲ್ಪ ಹೀರಬಹುದು, ಕೋಣೆಯ ತೇವಕ್ಕೆ ಪ್ರಯೋಜನವಿಲ್ಲ. ಕರ್ಪೂರ, ರೂಂ ಫ್ರೆಶ್ನರ್, ಅಗರಬತ್ತಿ ಮುಗ್ಗಿದ ವಾಸನೆಯನ್ನು ಮುಚ್ಚುತ್ತವೆ ಅಷ್ಟೇ, ಬೂಷ್ಟು ಹಿಂದೆ ಸುಖವಾಗಿರುತ್ತದೆ.

ಪ್ಯೂರಿಫೈಯರ್ ಯಾರಿಗೆ ಬೇಕು?

ಅದು ತೇವ ತೆಗೆಯುವುದಿಲ್ಲ, ಗೋಡೆಯ ಬೂಷ್ಟನ್ನು ಕೊಲ್ಲುವುದಿಲ್ಲ. ಗಾಳಿಯಲ್ಲಿ ತೇಲುವ ಬೂಷ್ಟಿನ ಬೀಜಕಣ, ಹೊಗೆ, ಧೂಳನ್ನು ಹೆಪಾ ಫಿಲ್ಟರ್ ಚೆನ್ನಾಗಿ ಹಿಡಿಯುತ್ತದೆ. ಆದ್ದರಿಂದ ಉಬ್ಬಸವೋ ಅಲರ್ಜಿಯೋ ಇರುವವರ ಕೋಣೆಗೆ, ಡಿಹ್ಯುಮಿಡಿಫೈಯರ್ ಬಂದ ಮೇಲೆ, ಎರಡನೆಯ ಖರೀದಿಯಾಗಿ ಇದಕ್ಕೆ ಬೆಲೆಯಿದೆ. ಹೆದ್ದಾರಿಯ ಬದಿಯ ಮನೆಗಳಿಗೆ ಬೇಸಗೆಯ ಧೂಳಿಗೂ ಆಗುತ್ತದೆ. ಕೊಳ್ಳುವುದಾದರೆ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಎಂಬ ಸಿಎಡಿಆರ್ ಸಂಖ್ಯೆ ನೋಡಿ. ನಮ್ಮ 34 ಘನ ಮೀಟರ್ ಕೋಣೆಗೆ ಗಂಟೆಗೆ ಐದು ಸುತ್ತು ಬೇಕೆಂದರೆ 170 ಇರಬೇಕು. ಓಝೋನ್ ಬಿಡುವ ಯಂತ್ರಗಳನ್ನು ಮುಟ್ಟಬೇಡಿ, ಓಝೋನ್ ಶ್ವಾಸಕೋಶಕ್ಕೆ ತಾನೇ ಕೇಡು. ಒದ್ದೆ ಕೋಣೆಯಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿಟ್ಟ ಫಿಲ್ಟರಿನಲ್ಲೇ ಬೂಷ್ಟು ಬೆಳೆಯಬಹುದು, ಮಳೆಗಾಲ ಮುಗಿದೊಡನೆ ಮೂಸಿ ನೋಡಿ.

ಪ್ಯೂರಿಫೈಯರ್ ಹಾಕಿ ಪಕ್ಕದಲ್ಲೇ ಸೊಳ್ಳೆ ಬತ್ತಿ ಹಚ್ಚುವ ಮನೆಗಳೂ ಇವೆ. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟುಗಳಷ್ಟು ಸೂಕ್ಷ್ಮ ಕಣಗಳನ್ನು ಬಿಡುತ್ತದೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಳೆದು ತೋರಿಸಿದೆ. ಹತ್ತು ಸಾವಿರದ ಯಂತ್ರಕ್ಕಿಂತ ನಾನೂರು ರೂಪಾಯಿಯ ಸೊಳ್ಳೆಪರದೆ ಇಲ್ಲಿ ಹೆಚ್ಚು ಗಾಳಿ ಶುದ್ಧಗೊಳಿಸುತ್ತದೆ.

ಹಾಸಿಗೆಯ ಮಾತನ್ನೂ ಇಲ್ಲೇ ಸೇರಿಸುತ್ತೇನೆ. ಧೂಳುನುಸಿ ಹೆಚ್ಚಾಗಿ ಗಾಳಿಯಲ್ಲಿ ತೇಲುವುದಿಲ್ಲ, ಹಾಸಿಗೆ ದಿಂಬಿನಲ್ಲೇ ಇರುತ್ತದೆ, ಯಂತ್ರದ ಫಿಲ್ಟರ್ ಅಲ್ಲಿಗೆ ತಲಪದು. ಹೊದಿಕೆ, ದಿಂಬಿನ ಕವರುಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯ ಬಿಸಿನೀರಿನಲ್ಲಿ ಒಗೆಯಬೇಕು. ಹತ್ತಿಯ ಹಾಸಿಗೆಯನ್ನು ಮಳೆ ಹಿಡಿಯುವ ಮೊದಲು ಅಂಗಳದ ಬಿಸಿಲಿಗೆ ಹಾಕಿ, ಮಳೆಗಾಲದಲ್ಲಿ ಆ ಒಣ ಕೋಣೆಯಲ್ಲೇ ಇಟ್ಟುಕೊಳ್ಳಬೇಕು.

ಶೀಟು, ಸುಣ್ಣ, ಎಮಲ್ಶನ್

ಗೋಡೆಯೇ ನೀರು ಕುಡಿಯುತ್ತಿದ್ದರೆ ಮೇಲಿನ ಯಾವ ಯಂತ್ರವೂ ಸಾಲದು. ಬೂಷ್ಟು ಎಲ್ಲಿದೆ ಎನ್ನುವುದೇ ಕಾರಣ ಹೇಳುತ್ತದೆ. ಗೋಡೆಯ ಬುಡದಿಂದ ಒಂದೆರಡು ಅಡಿಯವರೆಗೆ ಬಣ್ಣ ಉದುರಿ ಬಿಳಿ ಉಪ್ಪು ಕಾಣುತ್ತಿದ್ದರೆ ನೆಲದ ಪಸೆ ಮುರಕಲ್ಲಿನ (ಕೆಂಪುಕಲ್ಲಿನ) ರಂಧ್ರಗಳ ಮೂಲಕ ಏರುತ್ತಿದೆ. ಪಡುವಣ ಗೋಡೆಯ ನಡುವೆ ಕಲೆಯಿದ್ದರೆ ಎರಚಲು ಮಳೆ. ಚಾವಣಿಯಲ್ಲಿದ್ದರೆ ತಾರಸಿಯ ಬಿರುಕು. ಕಪಾಟಿನ ಹಿಂದೆ, ಮೂಲೆಯಲ್ಲಿ ಕಪ್ಪು ಚುಕ್ಕಿಗಳು ಮಾತ್ರ ಇದ್ದರೆ ಅದು ಒಳಗಿನ ಆವಿ. ಕಪಾಟನ್ನು ಗೋಡೆಯಿಂದ ನಾಲ್ಕು ಇಂಚು ಈಚೆ ತಂದರೆ ಅರ್ಧ ಪರಿಹಾರ.

ತಾರಸಿಗೆ ರಾಸಾಯನಿಕ ಲೇಪವೋ ಶೀಟಿನ ಮಾಡೋ ಎಂಬ ಚರ್ಚೆ ಪ್ರತಿ ಬೇಸಗೆಯಲ್ಲೂ ಇರುತ್ತದೆ. ಲೇಪ ಅಗ್ಗ, ಆದರೆ ಬಿಸಿಲಿಗೆ ಬಿರಿದು ಕೆಲವೇ ವರ್ಷಗಳಲ್ಲಿ ಮತ್ತೆ ಬಳಿಯಬೇಕಾಗುತ್ತದೆ. ಶೀಟು ಹಲವು ಪಟ್ಟು ದುಬಾರಿ. ನನ್ನ ಮತ ಶೀಟಿಗೆ, ಕಾರಣ ಸೋರಿಕೆ ಒಂದೇ ಅಲ್ಲ. ಒಗೆದ ಬಟ್ಟೆಯ ಒಂದು ಹೊರೆ ಒಣಗುವಾಗ ಎರಡು ಲೀಟರಿನಷ್ಟು ನೀರು ಬಿಡುತ್ತದೆ. ಅದು ಚಾವಡಿಯ ಫ್ಯಾನಿನ ಕೆಳಗೆ ಒಣಗುವ ಬದಲು ಶೀಟಿನ ಕೆಳಗೆ ಒಣಗಿದರೆ ಮನೆಯೊಳಗಿನ ತೇವದ ದೊಡ್ಡ ಪಾಲು ತಪ್ಪಿತು. ಬೇಸಗೆಯಲ್ಲಿ ತಾರಸಿ ಕಾಯುವುದೂ ಕಡಿಮೆ, ಅಡಿಕೆ ಒಣಗಿಸಲು ಜಾಗವೂ ಆಯಿತು.

ಎರಚಲಿಗೆ ಹಿಂದಿನವರು ಪಡುವಣಕ್ಕೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಈಗ ನೀಲಿ ಟಾರ್ಪಾಲು ಕಟ್ಟುತ್ತಾರೆ. ತಟ್ಟಿ ಮಳೆಯನ್ನು ತಡೆದು ಗಾಳಿಯನ್ನು ಬಿಡುತ್ತದೆ, ಟಾರ್ಪಾಲು ಎರಡನ್ನೂ ತಡೆಯುತ್ತದೆ. ಟಾರ್ಪಾಲೇ ಗತಿಯಾದರೆ ಗೋಡೆಯಿಂದ ಎರಡಡಿ ಹೊರಗೆ ಕಟ್ಟಿ.

ಬಣ್ಣದ ವಿಷಯದಲ್ಲಿ ಪಸೆಯ ಗೋಡೆಗೆ ಒಳಗಿನಿಂದ ಪ್ಲಾಸ್ಟಿಕ್ ಎಮಲ್ಶನ್ ಬಳಿದರೆ ನೀರು ಒಳಗೇ ಸಿಕ್ಕಿ ಬಣ್ಣ ಗುಳ್ಳೆಯೇಳುತ್ತದೆ. ಸುಣ್ಣ ಗೋಡೆಯ ತೇವವನ್ನು ಹೊರಬಿಡುತ್ತದೆ, ಅದರ ಕ್ಷಾರಕ್ಕೆ ಬೂಷ್ಟು ಬೇಗ ಹತ್ತುವುದಿಲ್ಲ. ಬೆನ್ನಿಗೆ ಬಿಳಿಯಾಗುತ್ತದೆ ಎನ್ನುವ ದೂರು ನ್ಯಾಯವೇ. ಮಲಗುವ ಕೋಣೆಯ ಚಂದಕ್ಕೆ ಎಮಲ್ಶನ್ ಬೇಕೇ ಬೇಕು ಎನ್ನುವವರು ಒಣ ಗೋಡೆಗಳಿಗೆ ಅದನ್ನು ಬಳಸಿ, ಉಗ್ರಾಣಕ್ಕೂ ಪಸೆಯ ಗೋಡೆಗಳಿಗೂ ಸುಣ್ಣವನ್ನೇ ಉಳಿಸಿಕೊಳ್ಳಿ. ನೀರನ್ನು ತಡೆಯುವ ಲೇಪ ಏನಿದ್ದರೂ ಹೊರಮೈಗೆ. ಗಾರೆಯಿಲ್ಲದ ಮುರಕಲ್ಲಿನ ಗೋಡೆಗೆ ಸಿಲಿಕೋನ್ ಆಧಾರಿತ ದ್ರಾವಣ ಸಿಗುತ್ತದೆ, ಅದು ಮಳೆನೀರನ್ನು ಜಾರಿಸಿ ಆವಿಯನ್ನು ಹೊರಬಿಡುತ್ತದೆ.

ಇರುವ ಬೂಷ್ಟನ್ನು ಒಣಗಿದ ಸ್ಥಿತಿಯಲ್ಲಿ ಪೊರಕೆಯಿಂದ ಗುಡಿಸಬೇಡಿ, ಬೀಜಕಣಗಳೆಲ್ಲ ಎದ್ದು ಮೂಗಿಗೆ ಬರುತ್ತವೆ. ಮಾಸ್ಕ್ ಹಾಕಿ, ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ. ಬ್ಲೀಚನ್ನು ಆಸಿಡ್ ಅಥವಾ ವಿನೆಗರ್ ಜೊತೆ ಎಂದೂ ಬೆರೆಸಬೇಡಿ, ವಿಷಾನಿಲ ಬರುತ್ತದೆ.

ಗೋಡೆಯ ಕೆಲಸಕ್ಕೆ ಫೆಬ್ರವರಿ, ಮಾರ್ಚ್ ಸರಿಯಾದ ಕಾಲ, ಗೋಡೆ ವರ್ಷದಲ್ಲೇ ಹೆಚ್ಚು ಒಣಗಿರುವುದು ಆಗ. ಶೀಟಿನ ವೆಲ್ಡಿಂಗ್‌ನವರಿಗೆ ವಿಷುವಿಗೆ ಮೊದಲೇ ಮುಂಗಡ ಕೊಟ್ಟು ದಿನ ಗೊತ್ತುಮಾಡಿಕೊಳ್ಳಿ. ಮೇ ತಿಂಗಳಲ್ಲಿ ಎಲ್ಲರಿಗೂ ಒಟ್ಟಿಗೆ ನೆನಪಾಗುತ್ತದೆ, ಆಗ ಅವರು ಫೋನು ಎತ್ತುವುದಿಲ್ಲ. ಡಿಹ್ಯುಮಿಡಿಫೈಯರನ್ನು ಮಾತ್ರ ಮಳೆ ಹಿಡಿದ ಮೇಲೂ ಕೊಳ್ಳಬಹುದು, ಒಂದು ವಾರ ಮಾಪಕದ ಸಂಖ್ಯೆಗಳನ್ನು ಬರೆದಿಟ್ಟುಕೊಂಡು, ಯಾವ ಕೋಣೆಗೆ ಎಂದು ಗೊತ್ತಾದ ಬಳಿಕ.